ಡಿಸ್ಚಾರ್ಜ್ ಸಮ್ಮರಿಯ ‘ಪಂಪ್ ಟೈಮ್’: ಓದುವುದು ಹೇಗೆ, ಆರೈಕೆಯನ್ನು ಅದಕ್ಕೆ ಹೊಂದಿಸುವುದು ಹೇಗೆ

ಬೆಂಗಳೂರು, ಹೈದರಾಬಾದ್ ಅಥವಾ ಹುಬ್ಬಳ್ಳಿಯಲ್ಲಿ ಓಪನ್ ಹಾರ್ಟ್ ಆಪರೇಷನ್ ಮಾಡಿಸಿಕೊಂಡು ಸಿಂಧನೂರು, ಸಿರುಗುಪ್ಪ, ಕುಷ್ಟಗಿಯ ಕಡೆ ವಾಪಸಾದ ಮನೆಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ: ‘ನಮ್ಮ ಹುಡುಗಿಗೆ ವಾಲ್ವ್ ಹಾಕ್ಯಾರ. ಮತ್ತ ಕಾಗದದಾಗ ಬೈಪಾಸ್ ಅಂತ ಯಾಕ ಬರದಾರ?’

ಆಸ್ಪತ್ರೆಯಲ್ಲಿ ಬೈಪಾಸ್ ಎಂಬ ಮಾತಿಗೆ ಎರಡು ಅರ್ಥ. ಕಾಲಿನಿಂದಲೋ ಎದೆಯ ಒಳಗೋಡೆಯಿಂದಲೋ ರಕ್ತನಾಳ ತೆಗೆದು, ಬ್ಲಾಕ್ ಆದ ಜಾಗವನ್ನು ದಾಟಿಸಿ ಜೋಡಿಸುವುದು ಎಲ್ಲರಿಗೂ ಗೊತ್ತಿರುವ ಬೈಪಾಸ್. ಇನ್ನೊಂದು ಕಾರ್ಡಿಯೋಪಲ್ಮನರಿ ಬೈಪಾಸ್. ಆಪರೇಷನ್ ನಡೆಯುವಷ್ಟು ಹೊತ್ತು ರಕ್ತವು ಹೃದಯವನ್ನೂ ಶ್ವಾಸಕೋಶವನ್ನೂ ಬಿಟ್ಟು, ಹೊರಗಿನ ಹಾರ್ಟ್-ಲಂಗ್ ಮಷಿನ್ ಮೂಲಕ ಹಾದು ಬರುವುದಕ್ಕೆ ಈ ಹೆಸರು. ಎದೆ ತೆರೆದು ವಾಲ್ವ್ ಬದಲಿಸಲು, ಹೃದಯದ ಒಳಗೋಡೆಯ ಹೋಲ್ ಮುಚ್ಚಲು ಇದು ಬೇಕೇ ಬೇಕು. ರೋಗಿ ಎಷ್ಟು ನಿಮಿಷ ಆ ಯಂತ್ರದ ಆಸರೆಯಲ್ಲಿದ್ದರು ಎಂಬುದೇ ಪಂಪ್ ಟೈಮ್. ಮನೆಗೆ ಬಂದ ಮೇಲೆ ಮೊದಲ ಆರು ವಾರ ಎಷ್ಟು ನಿಧಾನ ಮಾಡಬೇಕು, ಯಾವುದರ ಮೇಲೆ ಕಣ್ಣಿಡಬೇಕು ಎನ್ನುವುದಕ್ಕೆ ಆ ಸಂಖ್ಯೆ ಒಳ್ಳೆಯ ಸುಳಿವು.

ಎರಡು ಸಂಖ್ಯೆ, ನಡುವಿನ ಅಂತರ

ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಪರೇಷನ್ ವಿವರ ಇರುವ ಭಾಗ ನೋಡಿ. ಸಿಪಿಬಿ (ಕಾರ್ಡಿಯೋಪಲ್ಮನರಿ ಬೈಪಾಸ್) ಟೈಮ್ ಅಥವಾ ಪಂಪ್ ಟೈಮ್ ಅಂತ ಒಂದು ಅಂಕಿ, ಅದರ ಪಕ್ಕದಲ್ಲೇ ಕ್ರಾಸ್ ಕ್ಲ್ಯಾಂಪ್ ಟೈಮ್ ಅಂತ ಇನ್ನೊಂದು ಅಂಕಿ ಇರುತ್ತದೆ. ಎರಡೂ ನಿಮಿಷದ ಲೆಕ್ಕ. ಕೆಲವು ಸಮ್ಮರಿಗಳಲ್ಲಿ ಬರೆದಿರುವುದಿಲ್ಲ. ಆಗ ಬಿಲ್ ಮುಗಿಸಿ ಹೊರಡುವ ಮುಂಚೆಯೇ ವಾರ್ಡಿನ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಊರಿಗೆ ಬಂದ ಮೇಲೆ ಫೋನಿನಲ್ಲಿ ಇದನ್ನು ಪಡೆಯುವುದು ಕಷ್ಟ.

ಕ್ಲ್ಯಾಂಪ್ ಎಂದರೆ ಹೃದಯದಿಂದ ಹೊರಡುವ ಮಹಾಧಮನಿಗೆ ಹಾಕುವ ಇಕ್ಕಳ. ಅದನ್ನು ಹಾಕಿ, ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರಾವಣ ಕೊಟ್ಟು ಹೃದಯವನ್ನು ನಿಲ್ಲಿಸುತ್ತಾರೆ. ಆ ಇಕ್ಕಳ ಇರುವಷ್ಟು ಹೊತ್ತು ಹೃದಯದ ಸ್ನಾಯುವಿಗೆ ಎಂದಿನ ರಕ್ತ ಇರುವುದಿಲ್ಲ. ಹಾಗಾಗಿ ಕ್ಲ್ಯಾಂಪ್ ಟೈಮ್ ಹೃದಯದ ಲೆಕ್ಕ, ಪಂಪ್ ಟೈಮ್ ಇಡೀ ಮೈಯ ಲೆಕ್ಕ. ಕಿಡ್ನಿ, ಮೆದುಳು, ಶ್ವಾಸಕೋಶ, ರಕ್ತ ಇವೆಲ್ಲ ಎರಡನೆಯದಕ್ಕೆ ಸೇರುತ್ತವೆ.

ಪಂಪ್ ಟೈಮ್ ಯಾವಾಗಲೂ ಕ್ಲ್ಯಾಂಪ್ ಟೈಮಿಗಿಂತ ಹೆಚ್ಚೇ. ಪಂಪ್ 110, ಕ್ಲ್ಯಾಂಪ್ 78 ಎಂದಿದ್ದರೆ ನಡುವಿನ 32 ನಿಮಿಷ ತಯಾರಿಗೆ, ಮೈ ಬೆಚ್ಚಗಾಗಿಸುವುದಕ್ಕೆ, ಹೃದಯ ಮತ್ತೆ ಹಿಡಿತಕ್ಕೆ ಬರುವುದಕ್ಕೆ ಹೋಗಿದೆ. ಇದು ಸಹಜ. ಕ್ಲ್ಯಾಂಪ್ 70, ಪಂಪ್ 180 ಎಂದಿದ್ದರೆ ಮಾತ್ರ ‘ಇಷ್ಟು ಅಂತರ ಯಾಕೆ ಬಂತು?’ ಎಂದು ಕೇಳಿ. ಕೆಲವು ಆಪರೇಷನ್‌ಗಳಲ್ಲಿ ಒಂದಷ್ಟು ಕೆಲಸ ಇಕ್ಕಳವಿಲ್ಲದೆಯೇ ನಡೆದಿರುತ್ತದೆ, ಆಗ ಚಿಂತೆಯಿಲ್ಲ. ಹೃದಯ ದುರ್ಬಲವಾಗಿದ್ದು ಯಂತ್ರ ಬಿಡಲು ತಡವಾಗಿದ್ದರೆ, ಅಥವಾ ರಕ್ತ ನಿಲ್ಲದೆ ಮತ್ತೆ ಪಂಪ್ ಹಚ್ಚಿದ್ದರೆ, ಮುಂದಿನ ವಾರಗಳಲ್ಲಿ ಹೃದಯದ ಔಷಧ ಮತ್ತು ಎಕೋ (ಹೃದಯದ ಸ್ಕ್ಯಾನ್) ಬಗ್ಗೆ ಹೆಚ್ಚು ಎಚ್ಚರ ಬೇಕು.

ಎಷ್ಟು ನಿಮಿಷ ಸಹಜ ಎಂಬುದು ಆಪರೇಷನ್ ಮೇಲೆ ನಿಂತಿದೆ. ಮೇಲಿನ ಕೋಣೆಗಳ ನಡುವಿನ ಹೋಲ್ ಮುಚ್ಚಲು 30ರಿಂದ 60, ಒಂದು ವಾಲ್ವಿಗೆ 60ರಿಂದ 120, ಪಂಪ್ ಮೇಲೆ ಮೂರು-ನಾಲ್ಕು ಗ್ರಾಫ್ಟ್ (ಬ್ಲಾಕ್ ದಾಟಿಸಿ ಜೋಡಿಸುವ ರಕ್ತನಾಳ) ಹಾಕಲು 80ರಿಂದ 120, ಎರಡು ವಾಲ್ವ್ ಅಥವಾ ವಾಲ್ವ್ ಜೊತೆ ಗ್ರಾಫ್ಟ್ ಇದ್ದರೆ 120ರಿಂದ 180 ನಿಮಿಷ ಸಾಮಾನ್ಯ. ಮಹಾಧಮನಿಯ ಕೆಲಸ, ಎರಡನೇ ಸಲದ ಆಪರೇಷನ್ ಇದಕ್ಕೂ ಮೇಲೆ ಹೋಗುತ್ತವೆ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಈ ಯಂತ್ರದ ನೆರವಿನಿಂದ ಮೊದಲ ಬಾರಿ ಯಶಸ್ವಿಯಾಗಿ ಹೋಲ್ ಮುಚ್ಚಿದಾಗ ರೋಗಿ ಪೂರ್ತಿ ಯಂತ್ರದ ಮೇಲಿದ್ದದ್ದು 26 ನಿಮಿಷ. ಇಂದು ಮೂರು ಗಂಟೆ ಇದ್ದವರೂ ಮನೆಗೆ ನಡೆದು ಬರುತ್ತಾರೆ.

ಇಷ್ಟು ನಿಮಿಷದವರೆಗೆ ಸುರಕ್ಷಿತ, ಅದರಾಚೆ ಅಪಾಯ ಎಂಬ ಗೆರೆ ಇಲ್ಲ. ನಿಮಿಷ ಏರಿದಂತೆ ತೊಂದರೆಯ ಸಾಧ್ಯತೆಯೂ ಮೆಲ್ಲಗೆ ಏರುತ್ತದೆ. ಎರಡು ಗಂಟೆ ದಾಟಿದ್ದರೆ ಚೇತರಿಕೆಯ ಲೆಕ್ಕವನ್ನು ಸಡಿಲ ಇಟ್ಟುಕೊಳ್ಳಿ, ಮೂರು ಗಂಟೆ ದಾಟಿದ್ದರೆ ಇನ್ನೂ ಸಡಿಲ. ಒಂದು ಮಾತು ದಯವಿಟ್ಟು ನೆನಪಿಡಿ: ಉದ್ದದ ಪಂಪ್ ಟೈಮ್ ಸರ್ಜನ್‌ರ ತಪ್ಪಿಗೆ ಪುರಾವೆಯಲ್ಲ. ಬಹಳ ಸಲ ರೋಗವೇ ಅಷ್ಟು ತೊಡಕಾಗಿತ್ತು ಎಂಬುದರ ಗುರುತು ಅದು. ಆತುರದಲ್ಲಿ ಮುಗಿಸಿದ ರಿಪೇರಿಗಿಂತ ಅರ್ಧ ಗಂಟೆ ಹೆಚ್ಚು ತೆಗೆದುಕೊಂಡು ಸರಿ ಮಾಡಿದ ರಿಪೇರಿ ಮೇಲು.

ಬೀಟಿಂಗ್ ಹಾರ್ಟ್ ಅಥವಾ ಆಫ್-ಪಂಪ್ ಎಂದು ಬರೆದಿದ್ದರೆ ಯಂತ್ರ ಬಳಸಿಲ್ಲ ಎಂದರ್ಥ. ಕೆಳಗೆ ಹೇಳುವ ಊತ, ಗೊಂದಲ ಅವರಲ್ಲಿ ಕಡಿಮೆ ಇರಬಹುದು. ಆದರೆ ಎದೆಗೂಡಿನ ಮೂಳೆ ಕೊಯ್ದದ್ದು ಕೊಯ್ದದ್ದೇ. ಮೂಳೆಯ ನಿಯಮಗಳು ಎಲ್ಲರಿಗೂ ಒಂದೇ.

ಯಂತ್ರದಲ್ಲಿ ರಕ್ತಕ್ಕೆ ಏನಾಗುತ್ತದೆ

ಹೃದಯದ ಬಲಗಡೆಯ ಮೇಲಿನ ಕೋಣೆಯಿಂದ ದಪ್ಪ ನಳಿಕೆಯಲ್ಲಿ ರಕ್ತ ಇಳಿದು ಒಂದು ಡಬ್ಬಿಗೆ ಬರುತ್ತದೆ. ಪಂಪ್ ಅದನ್ನು ಆಕ್ಸಿಜನೇಟರಿಗೆ ತಳ್ಳುತ್ತದೆ. ಅಲ್ಲಿ ಕೂದಲೆಳೆಯಂಥ ಸಾವಿರಾರು ಟೊಳ್ಳು ಎಳೆಗಳ ಮೂಲಕ ಆಮ್ಲಜನಕ ಸೇರಿ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಜೊತೆಗೇ ರಕ್ತವನ್ನು ತಣಿಸುವ, ಕಾಯಿಸುವ ಏರ್ಪಾಡು, ಕೊನೆಗೆ ಗುಳ್ಳೆ ತಡೆಯುವ ಫಿಲ್ಟರ್, ಅಲ್ಲಿಂದ ಮಹಾಧಮನಿಗೆ. ಸಾಧಾರಣ ಮೈಕಟ್ಟಿನವರಿಗೆ ನಿಮಿಷಕ್ಕೆ ಸುಮಾರು ನಾಲ್ಕು ಲೀಟರ್ ಹರಿವು. ಇದನ್ನು ನಡೆಸುವವರು ಪರ್ಫ್ಯೂಷನಿಸ್ಟ್. ರಕ್ತ ಹೆಪ್ಪುಗಟ್ಟದಂತೆ ತೂಕದ ಕೆ.ಜಿ.ಗೆ 300ರಿಂದ 400 ಯೂನಿಟ್ ಹೆಪಾರಿನ್ ಕೊಟ್ಟಿರುತ್ತಾರೆ. ಯಂತ್ರ ಬಿಟ್ಟ ಮೇಲೆ ಪ್ರೊಟಮೀನ್ ಕೊಟ್ಟು ಅದನ್ನು ಇಳಿಸುತ್ತಾರೆ.

ರಕ್ತ ಹರಿಯಬೇಕಾದ್ದು ಜೀವಂತ ನಾಳದಲ್ಲಿ. ಪ್ಲಾಸ್ಟಿಕ್ ತಾಗಿದ ಕೂಡಲೇ ಮೈ ಅದನ್ನು ಗಾಯವೆಂದು ತಿಳಿದು ಉರಿಯೂತ ಶುರು ಮಾಡುತ್ತದೆ. ಸಣ್ಣ ನಾಳಗಳು ಸೋರಿ ನೀರು ಅಂಗಾಂಶಕ್ಕೆ ಇಳಿಯುತ್ತದೆ, ಮುಖ ಮತ್ತು ಕಾಲು ಊದುತ್ತವೆ. ಪಂಪಿನಲ್ಲಿ ಕೆಂಪು ಕಣ ಒಡೆದು ಅದರ ಹೊರೆ ಕಿಡ್ನಿಯ ಮೇಲೆ ಬೀಳುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಸವೆದು, ಎದೆಯಿಂದ ರಕ್ತ ಹೊರಹರಿಸಲು ಇಟ್ಟ ನಳಿಕೆಯಲ್ಲಿ (ಡ್ರೈನ್) ರಕ್ತ ಹೆಚ್ಚು ಬರಬಹುದು. ಯಂತ್ರ ನಡೆಯುವಾಗ ಗಾಳಿಯಾಡದೆ ಕುಸಿದ ಶ್ವಾಸಕೋಶದ ತಳಭಾಗ ಮತ್ತೆ ಅರಳಲು ದಿನಗಳು ಬೇಕು. ನಿಮಿಷ ಹೆಚ್ಚಿದಷ್ಟೂ ಇವೆಲ್ಲ ಹೆಚ್ಚು.

ಇಲ್ಲಿ ನಮ್ಮ ಜಿಲ್ಲೆಗಳ ಹೆಣ್ಣುಮಕ್ಕಳ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು. ಯಂತ್ರದ ನಳಿಕೆಗಳನ್ನು ಮೊದಲೇ ಒಂದರಿಂದ ಒಂದೂವರೆ ಲೀಟರ್ ದ್ರವದಿಂದ ತುಂಬಿರಬೇಕು. ಅದು ರೋಗಿಯ ರಕ್ತದ ಜೊತೆ ಬೆರೆಯುತ್ತದೆ. 45 ಕೆ.ಜಿ. ತೂಕದ ಹೆಂಗಸಿನ ಮೈಯಲ್ಲಿ ಇರುವುದೇ ಸುಮಾರು 3 ಲೀಟರ್ ರಕ್ತ. ಹಿಮೋಗ್ಲೋಬಿನ್ 10 ಇದ್ದು 1.2 ಲೀಟರ್ ದ್ರವ ಬೆರೆತರೆ ಅದು 7ರ ಹತ್ತಿರ ಇಳಿಯುತ್ತದೆ. 80 ಕೆ.ಜಿ. ಗಂಡಸಿಗೆ ಅಷ್ಟೇ ದ್ರವ ಬೆರೆತರೂ ಇಷ್ಟು ಇಳಿಯದು. ಅದಕ್ಕೇ, ತುರ್ತಿಲ್ಲದ ಆಪರೇಷನ್‌ಗೆ ತಾರೀಕು ಸಿಕ್ಕಿದ್ದರೆ ಕಾಯುವ ನಾಲ್ಕಾರು ವಾರಗಳನ್ನು ಕಬ್ಬಿಣದ ಕೊರತೆ ತುಂಬಲು ಬಳಸಿ. ಗುಳಿಗೆಯೋ ಡ್ರಿಪ್ಪೋ ಎಂಬುದನ್ನು ಡಾಕ್ಟರ್ ಹೇಳಲಿ. ‘ಆಪರೇಷನ್ ಆದ ಮ್ಯಾಲೆ ಉಂಡು ತಿಂದು ಸುಧಾರಿಸ್ಕೊಂಡ್ರಾತು’ ಎನ್ನುವುದು ಬೇಡ. ಹಲ್ಲು ಹುಳುಕಿದ್ದರೆ ಅದನ್ನೂ ಮುಂಚೆಯೇ ತೋರಿಸಿ. ಬೀಡಿ, ಸಿಗರೇಟು, ಗುಟ್ಕಾ ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಬೇಕು.

ಐಸಿಯು ದಿನಗಳು

ಕಡಿಮೆ ಪಂಪ್ ಟೈಮಿನವರಿಗೆ 6ರಿಂದ 12 ಗಂಟೆಯಲ್ಲಿ ವೆಂಟಿಲೇಟರ್ ತೆಗೆಯುವುದು, ಎರಡು ದಿನಕ್ಕೆ ಐಸಿಯುನಿಂದ ಹೊರಗೆ, ವಾರದೊಳಗೆ ಮನೆಗೆ ಎಂಬುದು ಸಾಮಾನ್ಯ ನಡೆ. ಮೂರು ಗಂಟೆ ಯಂತ್ರದ ಮೇಲಿದ್ದವರಿಗೆ ಪ್ರತಿ ಹೆಜ್ಜೆಗೂ ಒಂದೆರಡು ದಿನ ಸೇರಿಸಿಕೊಳ್ಳಿ. ಹೊರಗೆ ಕಾಯುವವರು ದಿನಾ ಕೇಳಬೇಕಾದ್ದು ನಾಲ್ಕು: ಮೂತ್ರ ಎಷ್ಟು ಬಂತು, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಎಷ್ಟು, ಡ್ರೈನಿನಲ್ಲಿ ರಕ್ತ ಎಷ್ಟು, ಬಡಿತ ಸರಿಯಾಗಿದೆಯೇ. ಎರಡರಿಂದ ನಾಲ್ಕನೇ ದಿನದ ನಡುವೆ ಹೃದಯ ತಾಳ ತಪ್ಪಿ ಬಡಿಯುವುದು ಬಹಳ ಮಂದಿಯಲ್ಲಿ ಕಾಣುತ್ತದೆ, ಹೆಚ್ಚಿನವರಲ್ಲಿ ಔಷಧಕ್ಕೆ ಬಗ್ಗುತ್ತದೆ.

ಮನೆಯವರನ್ನು ಹೆಚ್ಚು ಹೆದರಿಸುವುದು ಗೊಂದಲ. ನಿನ್ನೆ ಸರಿಯಾಗಿ ಮಾತಾಡಿದ ಅಜ್ಜ ಇಂದು ‘ಗ್ವಾಡಿ ಮ್ಯಾಲ ಇರುವಿ ಹರಿದಾಡಾಕತ್ತಾವ’ ಎನ್ನಬಹುದು, ಮಗನ ಗುರುತು ಮರೆಯಬಹುದು, ನಳಿಕೆ ಕೀಳಲು ಹೋಗಬಹುದು. ಇದು ಗಾಳಿ ಸೋಕಿದ್ದಲ್ಲ, ತಲೆ ಕೆಟ್ಟದ್ದೂ ಅಲ್ಲ. ಉರಿಯೂತ, ಅರಿವಳಿಕೆ, ನಿದ್ದೆಗೇಡು ಕೂಡಿ ಮೆದುಳು ದಣಿದಾಗ ಹೀಗಾಗುತ್ತದೆ. ವಯಸ್ಸಾದವರಲ್ಲಿ, ಉದ್ದದ ಪಂಪ್ ಟೈಮಿನವರಲ್ಲಿ ಹೆಚ್ಚು. ಅವರ ಕನ್ನಡಕ, ಕಿವಿ ಮಷಿನ್ ಒಳಗೆ ಕಳಿಸಿ. ಪರಿಚಿತರೊಬ್ಬರೇ ಹೋಗಿ ‘ಅಪ್ಪಾ, ಇವತ್ತು ಸೋಮವಾರ, ನೀ ದವಾಖಾನ್ಯಾಗ ಅದಿ, ಆಪರೇಷನ್ ಚಲೋ ಆಗ್ಯದ’ ಎಂದು ನಿಧಾನವಾಗಿ ಹೇಳಿ. ಇರುವೆ ಇಲ್ಲ ಎಂದು ವಾದಿಸಬೇಡಿ. ಮುಖ ಸೊಟ್ಟಗಾಗಿದ್ದರೆ, ಒಂದು ಕೈ ಏಳದಿದ್ದರೆ, ಮಾತು ತೊದಲಿದರೆ ಮಾತ್ರ ಅದು ಬೇರೆ ವಿಷಯ. ಆ ಕ್ಷಣವೇ ಸಿಸ್ಟರನ್ನು ಕರೆಯಿರಿ.

ಊರಿಗೆ ಬರುವ ದಾರಿ

ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿ.ಮೀ., ರಾಯಚೂರಿನಿಂದ ಹೈದರಾಬಾದ್ 200ರ ಮೇಲೆ. ಪಂಪ್ ಟೈಮ್ ಎರಡು ಗಂಟೆ ದಾಟಿದ್ದರೆ ಡಿಸ್ಚಾರ್ಜ್ ಆದ ದಿನವೇ ಹೊರಡದೆ ಮೂರು-ನಾಲ್ಕು ದಿನ ಆಸ್ಪತ್ರೆಯ ಹತ್ತಿರ ಉಳಿಯುವುದು ಒಳ್ಳೆಯದು. ಖರ್ಚು ಹೌದು, ಆದರೆ ಬಡಿತ ತಪ್ಪುವುದು, ನೀರು ತುಂಬುವುದು ಈ ದಿನಗಳಲ್ಲೇ. ರೈಲಿನಲ್ಲಾದರೆ ಹಂಪಿ ಎಕ್ಸ್‌ಪ್ರೆಸ್‌ನಂಥ ರಾತ್ರಿ ಗಾಡಿಯಲ್ಲಿ ಕೆಳಗಿನ ಬರ್ತ್ ಹಿಡಿಯಿರಿ. ಕಾರಿನಲ್ಲಾದರೆ ಹಿಂದಿನ ಸೀಟು, ಎದೆಗೂ ಬೆಲ್ಟಿಗೂ ನಡುವೆ ಸಣ್ಣ ದಿಂಬು, ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡಿಗೆ. ಲಗೇಜನ್ನು ರೋಗಿ ಮುಟ್ಟಬಾರದು.

ತಕ್ಕಡಿ: ಮನೆಗೆ ತರಬೇಕಾದ ಮೊದಲ ಸಾಮಾನು

ಬಿಪಿ ಮಷಿನ್‌ಗಿಂತ ಮೊದಲು ನಿಂತು ನೋಡುವ ಡಿಜಿಟಲ್ ತಕ್ಕಡಿ ತನ್ನಿ. ಯಂತ್ರದಿಂದ ಹೊರಬಂದವರ ಮೈಯಲ್ಲಿ 2ರಿಂದ 5 ಕೆ.ಜಿ. ನೀರು ಹೆಚ್ಚುವರಿ ಸೇರಿರುತ್ತದೆ. ಲ್ಯಾಸಿಕ್ಸ್, ಡೈಟರ್‌ನಂಥ ಮೂತ್ರದ ಗುಳಿಗೆ ಕೊಡುವುದು ಅದನ್ನು ಇಳಿಸಲು. ಇಳಿಯುತ್ತಿದೆಯೋ ತುಂಬುತ್ತಿದೆಯೋ ಎಂದು ಉಸಿರುಗಟ್ಟುವುದಕ್ಕೆ ದಿನಗಳ ಮೊದಲೇ ತಕ್ಕಡಿ ಹೇಳುತ್ತದೆ.

ಬೆಳಿಗ್ಗೆ ಎದ್ದು, ಮೂತ್ರ ಮಾಡಿ, ಚಹಾ ಕುಡಿಯುವ ಮೊದಲು, ದಿನಾ ಒಂದೇ ಥರದ ಬಟ್ಟೆಯಲ್ಲಿ ನಿಲ್ಲಿ. ತಕ್ಕಡಿ ಬಂಡೆಯ ಅಥವಾ ಟೈಲ್ಸ್ ನೆಲದ ಮೇಲಿರಲಿ, ಚಾಪೆಯ ಮೇಲೆ ತಪ್ಪು ತೋರಿಸುತ್ತದೆ. ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಿರಿ. ಒಂದು ರಾತ್ರಿಯಲ್ಲಿ 1 ಕೆ.ಜಿ., ಅಥವಾ ವಾರದಲ್ಲಿ 2 ಕೆ.ಜಿ. ಏರಿದರೆ ಆಸ್ಪತ್ರೆಗೆ ಫೋನ್ ಮಾಡಿ. ಗುಳಿಗೆಯನ್ನು ನೀವೇ ಹೆಚ್ಚಿಸಬೇಡಿ.

ತಿರುಗುಮುರುಗಾದದ್ದೂ ಆಗುತ್ತದೆ, ಅದೂ ನಮ್ಮ ಕಡೆ. ರಾಯಚೂರಿನ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿನಲ್ಲಿ ನೀರು ಹೋಗುತ್ತದೆ, ಗುಳಿಗೆಯಿಂದಲೂ ಹೋಗುತ್ತದೆ. ತೂಕ ದಿನಾ ಇಳಿಯುತ್ತಾ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾದರೆ ಅದು ಒಣಗಿದ ಲಕ್ಷಣ. ಪಂಪಿನಿಂದ ಆಗಲೇ ಪೆಟ್ಟು ತಿಂದ ಕಿಡ್ನಿಗೆ ಇದು ಇನ್ನೊಂದು ಪೆಟ್ಟು. ಆಗಲೂ ಫೋನ್ ಮಾಡಿ, ಗುಳಿಗೆ ಕಡಿಮೆ ಮಾಡಿಸಿ. ದಿನಕ್ಕೆ ಎಷ್ಟು ಲೀಟರ್ ನೀರು ಎಂದು ಡಿಸ್ಚಾರ್ಜ್ ದಿನವೇ ಕೇಳಿ, ‘ಬ್ಯಾಸಗ್ಯಾಗ ಎಷ್ಟು?’ ಎಂದು ಬಿಡಿಸಿ ಕೇಳಿ. ರೋಗಿಗೆ ಎಳನೀರು ಕೊಡುವುದು ನಮ್ಮ ರೂಢಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕ್ರಿಯಾಟಿನಿನ್ ಏರಿದ್ದವರಿಗೆ ಕೇಳದೆ ಕೊಡಬೇಡಿ.

ಜೋಳದ ರೊಟ್ಟಿಯಲ್ಲಿ ಸಾಮಾನ್ಯವಾಗಿ ಉಪ್ಪಿರುವುದಿಲ್ಲ, ಅದು ಚಲೋ ಊಟ. ಉಪ್ಪು ಸೇರುವುದು ತಟ್ಟೆಯ ಅಂಚಿನಲ್ಲಿರುವ ಉಪ್ಪಿನಕಾಯಿ, ಶೇಂಗಾ ಚಟ್ನಿ, ಸಂಡಿಗೆ, ಸಂಜೆಯ ಮಿರ್ಚಿ ಭಜಿಯಿಂದ. ಇಡೀ ದಿನಕ್ಕೆ ಒಂದು ಸಣ್ಣ ಚಮಚ, 5 ಗ್ರಾಂ, ಮೀರದಿರಲಿ. ಮೊದಲ ಎರಡು-ಮೂರು ವಾರ ಬಾಯಿ ರುಚಿ ಇರುವುದಿಲ್ಲ, ಮಲ ಕಟ್ಟುತ್ತದೆ. ಒಮ್ಮೆಗೇ ತುಂಬಾ ಬಡಿಸದೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಮುಕ್ಕರಿಯದಂತೆ ಮಲ ಸಡಿಲಿಸುವ ಔಷಧ ಕೇಳಿ ಪಡೆಯಿರಿ.

ಉಸಿರು, ನಡಿಗೆ, ಮೂಳೆ

ಉಸಿರಿನ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರನ್ನು ಬಹಳ ಮಂದಿ ಊದುತ್ತಾರೆ. ಅದು ಊದುವುದಕ್ಕಲ್ಲ, ಎಳೆಯುವುದಕ್ಕೆ. ನೆಟ್ಟಗೆ ಕೂತು, ಉಸಿರು ಪೂರ್ತಿ ಬಿಟ್ಟು, ನಳಿಕೆಯನ್ನು ತುಟಿಯಲ್ಲಿ ಬಿಗಿಹಿಡಿದು ನಿಧಾನವಾಗಿ ಒಳಕ್ಕೆಳೆದು ಮೂರು ಎಣಿಸುವವರೆಗೆ ಹಿಡಿಯಿರಿ. ಎಚ್ಚರವಿರುವ ಪ್ರತಿ ಗಂಟೆಗೆ ಹತ್ತು ಸಲ. ಆಮೇಲೆ ದಿಂಬನ್ನು ಎದೆಗೆ ಅವಚಿ ಎರಡು ಸಲ ಗಟ್ಟಿಯಾಗಿ ಕೆಮ್ಮಿ. ನೋವಿಗೆ ಹೆದರಿ ಕೆಮ್ಮದವರಿಗೆ ಕಫ ಕೂತು ನ್ಯುಮೋನಿಯಾ ಆಗುವುದು ಹೆಚ್ಚು.

ನಡಿಗೆ ದಿನಕ್ಕೆ ನಾಲ್ಕು ಸಲ ಐದೈದು ನಿಮಿಷದಿಂದ ಶುರುವಾಗಲಿ, ದಿನಾ ಒಂದೆರಡು ನಿಮಿಷ ಸೇರಿಸಿ. ನಾಲ್ಕನೇ ವಾರಕ್ಕೆ ಒಂದೇ ಸಲಕ್ಕೆ 20ರಿಂದ 30 ನಿಮಿಷ ಬಂದರೆ ಚಲೋ. ಪಂಪ್ ಟೈಮ್ ಉದ್ದವಿದ್ದವರು ಎರಡು-ಮೂರು ನಿಮಿಷದಿಂದ ಶುರು ಮಾಡಿ ಎರಡು ದಿನಕ್ಕೊಮ್ಮೆ ಏರಿಸಲಿ. ನಡೆಯುತ್ತಾ ಮಾತಾಡಲು ಆಗಬೇಕು, ಅದೇ ಅಳತೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಸಂಡೂರು, ತೋರಣಗಲ್ಲಿನ ಕಡೆಯವರು ಅದಿರಿನ ಲಾರಿ ಓಡಾಡುವ ರಸ್ತೆ ಬಿಟ್ಟು ಒಳ ಓಣಿಯಲ್ಲಿ ನಡೆಯಿರಿ.

ಎದೆಗೂಡಿನ ಮೂಳೆಯನ್ನು ತಂತಿಯಿಂದ ಕಟ್ಟಿರುತ್ತಾರೆ. ಅದು ಕೂಡಲು 6ರಿಂದ 8 ವಾರ, ಗಟ್ಟಿಯಾಗಲು 12 ವಾರ. ಆರು ವಾರ ಎರಡು-ಮೂರು ಕೆ.ಜಿ. ಮೇಲೆ ಎತ್ತಬೇಡಿ. ತುಂಬಿದ ಕೊಡ 15 ಕೆ.ಜಿ., ತುಂಬಿದ ಸಿಲಿಂಡರ್ 30ರ ಹತ್ತಿರ. ಬೋರಿಂಗ್ ಜಗ್ಗುವುದು, ಟ್ರ್ಯಾಕ್ಟರ್, ಗಂಗಾವತಿಯ ಮಿಲ್ಲಿನ ಭತ್ತದ ಚೀಲ ಮೂರು ತಿಂಗಳು ಬೇಡ. ಬೈಕ್ ಎರಡು ತಿಂಗಳು ಬೇಡ. ಹೆಣ್ಣುಮಕ್ಕಳಿಗೆ ಯಾರೂ ಹೇಳದೆ ಬಿಡುವ ಒಂದು ಸಂಗತಿ: ಜೋಳದ ಹಿಟ್ಟು ನಾದುವಾಗ, ರೊಟ್ಟಿ ಬಡಿಯುವಾಗ ಭಾರವೆಲ್ಲ ಎದೆಯ ಸ್ನಾಯುವಿನ ಮೇಲೆ, ಅಲ್ಲಿಂದ ಮೂಳೆಯ ಮೇಲೆ. ಎರಡು ತಿಂಗಳು ಆ ಕೆಲಸ ಮನೆಯ ಬೇರೆಯವರದ್ದು. ನೆಲದ ಹಾಸಿಗೆಯಿಂದ ಏಳಲು ಕೈ ಊರಲೇಬೇಕಾಗುತ್ತದೆ, ಹಾಗಾಗಿ ಮಂಚ ಇರಲಿ. ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಮೊಣಕೈ ಆಸರೆಯಿಂದ ಮೆಲ್ಲಗೆ ಏಳಿ. ಕೆಮ್ಮಿದಾಗ ಎದೆಯಲ್ಲಿ ‘ಕಟಕ್’ ಅಂದರೆ ಮೂಳೆ ಸರಿದಿರಬಹುದು, ಅಂದೇ ತೋರಿಸಿ.

ಮರೆವು, ಮುಂಗೋಪ, ಅಳು, ನಿದ್ದೆ ಕೆಡುವುದು ಕೆಲವು ವಾರ ಇರುತ್ತವೆ, ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ತಿಳಿಯಾಗುತ್ತವೆ. ಮೊದಲ ತಿಂಗಳು ಹೊಲದ ಕಾಗದಕ್ಕೆ ಸಹಿ, ದೊಡ್ಡ ಲೇವಾದೇವಿ ಮುಂದಕ್ಕೆ ಹಾಕಿ.

ಗುಳಿಗೆ ಮತ್ತು ಸೂಜಿ

ಲೋಹದ ವಾಲ್ವ್ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಅಸಿಟ್ರಾಂ ಅಥವಾ ವಾರ್ಫರಿನ್ ಜೀವನಪೂರ್ತಿ ತೆಗೆದುಕೊಳ್ಳಬೇಕು. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಅಂಕಿ ಸಾಮಾನ್ಯವಾಗಿ ಮೈಟ್ರಲ್ ವಾಲ್ವಿಗೆ 2.5ರಿಂದ 3.5, ಅಯೋರ್ಟಿಕ್‌ಗೆ 2ರಿಂದ 3. ನಿಮ್ಮ ಚೀಟಿಯಲ್ಲಿ ಬರೆದದ್ದೇ ಕೊನೆಯ ಮಾತು. ಪಂಪಿನ ನಂತರದ ವಾರಗಳಲ್ಲಿ ಲಿವರ್ ಪೂರ್ತಿ ಸುಧಾರಿಸಿರುವುದಿಲ್ಲ, ಊಟ ಕಡಿಮೆ, ಆ್ಯಂಟಿಬಯಾಟಿಕ್ ಬೇರೆ. ಆದ್ದರಿಂದ ಅದೇ ಗುಳಿಗೆಗೆ ಐಎನ್‌ಆರ್ ಥಟ್ಟನೆ ಏರಬಲ್ಲದು. ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ, ಏರಿಳಿತವಿದ್ದರೆ ಎರಡು ಸಲ ನೋಡಿಸಿ. ಪುಂಡಿಪಲ್ಯ, ಮೆಂತ್ಯ, ನುಗ್ಗೆಸೊಪ್ಪು ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ತಿಂದರೆ ಸಾಕು.

ಮೈಕೈ ನೋವು ಎಂದು ಊರ ಡಾಕ್ಟರ ಬಳಿ ಕುಂಡಿಗೆ ಸೂಜಿ ಮಾಡಿಸಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ. ರಕ್ತ ತೆಳುವಾಗಿರುವಾಗ ಸ್ನಾಯುವಿನೊಳಗೆ ರಕ್ತ ತುಂಬಿ ಗಡ್ಡೆಯಾಗುತ್ತದೆ. ಆ ಸೂಜಿಯಲ್ಲಿ ಹೆಚ್ಚಾಗಿ ಇರುವ ಡೈಕ್ಲೋಫಿನಾಕ್ ಕಿಡ್ನಿಗೂ ಪೆಟ್ಟು, ರಕ್ತಸ್ರಾವಕ್ಕೂ ದಾರಿ. ನೋವಿಗೆ ಪ್ಯಾರಸಿಟಮಾಲ್, ಅದೂ ಬರೆದುಕೊಟ್ಟಷ್ಟೇ. ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟವರಿಗೆ 21 ದಿನಕ್ಕೊಮ್ಮೆಯ ಪೆನಿಸಿಲಿನ್ ವಾಲ್ವ್ ಹಾಕಿದ ಮೇಲೂ ಬೇಕಾಗುತ್ತದೆ. ಸೂಜಿಯಲ್ಲೇ ಮುಂದುವರಿಸುವುದೋ ಗುಳಿಗೆಗೆ ಬದಲಿಸುವುದೋ ಎಂದು ಹೃದಯದ ಡಾಕ್ಟರನ್ನು ಕೇಳಿಯೇ ಮಾಡಿ. ವ್ರತ, ಜಾತ್ರೆ, ಮದುವೆ ಎಂದು ಒಂದು ಹೊತ್ತಿನ ಗುಳಿಗೆಯೂ ತಪ್ಪಬಾರದು.

ಏಳರಿಂದ ಹತ್ತನೇ ದಿನಕ್ಕೆ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಪೊಟ್ಯಾಸಿಯಂ, ಇಸಿಜಿ ಊರಿನಲ್ಲೇ ಮಾಡಿಸಿ ರಿಪೋರ್ಟ್ ಕಳಿಸಬಹುದು. ನಾಲ್ಕರಿಂದ ಆರು ವಾರಕ್ಕೆ ಎಕೋಗೆ ಆಪರೇಷನ್ ಆದಲ್ಲಿಗೇ ಹೋಗಿ.

ಮಲಗಿದರೆ ಉಸಿರು ಕಟ್ಟಿದರೆ, ಸುಮ್ಮನೆ ಕೂತಾಗಲೂ ನಾಡಿ 120 ದಾಟಿದರೆ, ಜ್ವರ 100.4 ಮೀರಿದರೆ, ಗಾಯದಿಂದ ಕೀವು ಅಥವಾ ನೀರು ಬಂದರೆ, ಮಲ ಕಪ್ಪಾದರೆ, ಲೋಹದ ವಾಲ್ವಿನ ಟಿಕ್ ಸದ್ದು ಮಂಕಾದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಹತ್ತಿರದವು. ಹೋಗುವಾಗ ಸಮ್ಮರಿ, ಗುಳಿಗೆ ಚೀಟಿ ಮತ್ತು ತೂಕ ಬರೆದ ಆ ಕ್ಯಾಲೆಂಡರ್ ಹಾಳೆಯನ್ನು ಕೈಯಲ್ಲಿ ಹಿಡಿದೇ ಹೋಗಿ. ರಾತ್ರಿ ಡ್ಯೂಟಿಯ ಡಾಕ್ಟರಿಗೆ ಯಾವ ಆಪರೇಷನ್, ಯಾವ ದಿನ, ಪಂಪ್ ಎಷ್ಟು ನಿಮಿಷ, ಕೊನೆಯ ಐಎನ್‌ಆರ್ ಎಷ್ಟು ಎಂಬ ನಾಲ್ಕನ್ನು ಮೊದಲು ಹೇಳಿ.